ಎರಡನೆಯ ಬಟನ್

ಯಲಹಂಕ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ವೇದಾಳಿಗೆ ಬಾಲಣ್ಣನ ಆಶೀರ್ವಾದಗಳು.

ಇಲ್ಲಿ ಅಮ್ಮ, ಶಾಂತಲಾ, ಶಿಲ್ಪ, ನಾನು ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿಯೇ ಇದ್ದೀಯೆಂದು ನನಗೆ ಗೊತ್ತು. ಮೈ ಹುಷಾರಿಲ್ಲದವರು ಇಷ್ಟು ಗಟ್ಟಿಯಾಗಿ ಕೋಪ ಮಾಡಿಕೊಳ್ಳಲಾರರು. ಫೋನ್ ಮಾಡಿದಾಗಲೆಲ್ಲ ನಿನ್ನ ಸೊಸೆ ತೆಗೆದು, ‘ಅತ್ತೆ ನರ್ಸರೀಲಿದ್ದಾರೆ ಮಾವ, ಸಸಿಗೆ ನೀರ್ ಬಿಡ್ತಿದ್ದಾರೆ’ ಅನ್ನುತ್ತಾಳೆ. ಅವಳ ಹಿಂದಿನಿಂದ ‘ಇಲ್ಲ ಅಂತ ಹೇಳು’ ಎನ್ನುವ ನಿನ್ನ ದನಿಯೂ ಚೆನ್ನಾಗಿಯೇ ಕೇಳುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಬಿಡುತ್ತಲೇ ಇದ್ದರೆ ಆ ಟೊಮೆಟೊ ಸಸಿಗಳ ಗತಿ ಏನಮ್ಮ?

ಅದಕ್ಕೇ ಈ ಕಾಗದ. ನೀನು ಮದುವೆಯಾಗಿ ಚಿಂತಾಮಣಿಗೆ ಹೋದ ಹೊಸದರಲ್ಲಿ ನಾನು ಹೀಗೇ ಬರೆಯುತ್ತಿದ್ದೆ, ನೆನಪಿದೆಯಾ? ಆಮೇಲೆ ಫೋನ್ ಬಂತು, ಕಾಗದ ನಿಂತಿತು. ಇಷ್ಟು ವರ್ಷ ತಡಮಾಡಿದ್ದಕ್ಕೆ ಮೊದಲು ಕ್ಷಮಿಸು, ಮಿಕ್ಕಿದ್ದಕ್ಕೆ ಆಮೇಲೆ ಕ್ಷಮಿಸುವೆಯಂತೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಶಿಲ್ಪಳ ಮದುವೆಗೆ ನೀನು ‘ಬರಲ್ಲ’ ಎಂದಿದ್ದೀಯ. ನೀನು ಬರಬೇಕು. ನಮ್ಮ ಮನೆಯ ಹೆಣ್ಣುಮಗಳಿಗೆ ಮೊದಲ ಅರಿಶಿನ ಹಚ್ಚುವವಳು ಸೋದರತ್ತೆ, ಶಿಲ್ಪಳಿಗಿರುವುದು ನೀನೊಬ್ಬಳೇ ಅತ್ತೆ. ನೀನಿಲ್ಲದೆ ಅವಳನ್ನು ಆ ಮಣೆಯ ಮೇಲೆ ಕೂರಿಸಲು ನನಗೆ ಮನಸ್ಸಿಲ್ಲ. ನಿನ್ನ ಕೋಪ ನ್ಯಾಯವಾದದ್ದೇ. ಅಣ್ಣನ ಮಗಳ ಮದುವೆಯ ಸುದ್ದಿ ಅಣ್ಣನ ಬಾಯಿಂದ ಬರಬೇಕಾಗಿತ್ತು, ಯಾರದೋ ಫೋನಿನಿಂದ ಫಾರ್ವರ್ಡ್ ಆಗಿ ಬಂತು. ಆದರೆ ಅದು ಹೇಗಾಯಿತು ಎನ್ನುವುದನ್ನಾದರೂ ನೀನು ನನ್ನಿಂದಲೇ ಕೇಳಬೇಕು. ಕತೆ ಕಾಲೇಜಿನಿಂದ ಶುರುವಾಗುತ್ತದೆ, ಸ್ವಲ್ಪ ಉದ್ದ ಇದೆ. ಸಸಿಗಳಿಗೂ ಒಂಚೂರು ಬಿಡುವು ಸಿಗಲಿ, ಕೂತು ಓದು.

ನಮ್ಮ ಗಂಗಾನಗರದ ಕಾಲೇಜಿನಲ್ಲಿ ಗಣಿತಕ್ಕೆ ಸೇರುವವರು ಕಡಿಮೆಯಾಗುತ್ತಾ ಬಂದರೆಂದು ಗೌರಿ ಹಬ್ಬಕ್ಕೆ ಬಾಗಿನ ತಂದಾಗ ಹೇಳಿದ್ದೆನಲ್ಲ. ಪ್ರಿನ್ಸಿಪಾಲರು ಕರೆದು, ‘ಬಾಲರಾಜು ಸರ್, ಬಿಸಿಎ ಮೊದಲನೇ ವರ್ಷಕ್ಕೆ ವೆಬ್ ಪ್ರೋಗ್ರಾಮಿಂಗ್ ತಗೊಳ್ಳಿ. ನೀವು ಲಾಜಿಕ್ ಹೇಳ್ಕೊಡೋರು, ಇದೂ ಲಾಜಿಕ್ಕೇ ಅಲ್ವಾ’ ಅಂದರು. ಒಲ್ಲೆ ಎಂದರೆ ಮನೆಗೆ ಹೋಗಬೇಕಾಗುತ್ತದೆ ಎನ್ನುವುದು ಅವರ ನಗುವಿನಲ್ಲೇ ಇತ್ತು. ಒಪ್ಪಿಕೊಂಡು ಬಂದೆ. ಬೇಸಿಗೆಯಿಡೀ ನಮ್ಮ ಶಿಲ್ಪಳೇ ನನಗೆ ಮೇಷ್ಟ್ರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ‘ಅಪ್ಪಾ, ಬ್ರ್ಯಾಕೆಟ್ ತೆಗೆದವರು ಮುಚ್ಬೇಕು. ಬೀರು ಬಾಗ್ಲೂ ಮುಚ್ಚಲ್ಲ, ಇದನ್ನೂ ಮುಚ್ಚಲ್ಲ’ ಎಂದು ಬೈದು ಬೈದು ಕಲಿಸಿದಳು. ಅವಳ ಹತ್ತಿರ ಬೈಸಿಕೊಳ್ಳುವ ದಿನಗಳು ಇನ್ನು ಹೆಚ್ಚಿಲ್ಲ ಎನ್ನುವುದು ಆಗ ಹೊಳೆದಿರಲಿಲ್ಲ.

ನಿನಗೆ ನಗು ಬರಬಹುದು, ವೇದಾ, ಆದರೆ ಈ ವಯಸ್ಸಿನಲ್ಲಿ ಪಾಠ ಮಾಡುವುದು ನನಗೆ ಮತ್ತೆ ಹಬ್ಬವಾಗಿದೆ. ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಬರೆದದ್ದು ಬರೆದ ಜಾಗದಲ್ಲೇ ಇರುತ್ತಿತ್ತು, ಬೆಲ್ ಹೊಡೆದ ಮೇಲೆ ಯಾರೋ ಒರೆಸುತ್ತಿದ್ದರು. ಇದು ಹಾಗಲ್ಲ. ನಾಲ್ಕು ಸಾಲು ಬರೆದು ಮುಟ್ಟಿದರೆ ಉತ್ತರ ಕೊಡುತ್ತದೆ. ಬಣ್ಣ ಬದಲಾಗುತ್ತದೆ, ಹೆಸರು ಕೇಳುತ್ತದೆ, ಕೂಡಿ ಕಳೆದು ಹೇಳುತ್ತದೆ. ಮೊದಲ ಸಲ ತಾನು ಬರೆದ ಬಟನ್ ತನ್ನ ಮಾತು ಕೇಳಿದಾಗ ಒಂದೊಂದು ಮಗುವಿನ ಮುಖ ನೋಡಬೇಕು. ಲೆಕ್ಕದ ಕ್ಲಾಸಿನಲ್ಲಿ ಅಂಥ ಮುಖಗಳನ್ನು ನಾನು ಹೆಚ್ಚು ನೋಡಿದವನಲ್ಲ.

ಇಂಥ ವೆಬ್ ಪುಟಕ್ಕೆ ಮಾತು ಕೇಳಿಸಬೇಕಾದರೆ ಅದಕ್ಕೊಂದು ಕಿವಿ ಕಟ್ಟಬೇಕು. ಇಂಗ್ಲಿಷಿನಲ್ಲಿ ಲಿಸನರ್ ಅನ್ನುತ್ತಾರೆ. ಯಾರಾದರೂ ಬಟನ್ ಒತ್ತುತ್ತಾರಾ ಎಂದು ಅದು ಕಾಯುತ್ತಾ ಕೂತಿರುತ್ತದೆ, ಒತ್ತಿದ ಕೂಡಲೇ ಹೇಳಿಕೊಟ್ಟ ಕೆಲಸ ಮಾಡುತ್ತದೆ. ಮಕ್ಕಳಿಗೆ ಇದು ತಲೆಗೆ ಹೋಗಲಿಲ್ಲ. ಕೊನೆಗೆ ನಮ್ಮಮ್ಮನ ವಿಷಯ ಹೇಳಿದೆ. ಅಮ್ಮ ಇಡೀ ದಿನ ಹಾಲ್‌ನಲ್ಲಿ ದಿವಾನದ ಮೇಲೆ ಕೂತಿರುತ್ತಾರೆ, ಮಾಡುವ ಕೆಲಸ ಏನೂ ಇಲ್ಲ. ಆದರೆ ಗೇಟಿನ ಚಿಲಕ ಸದ್ದಾಯಿತೋ, ಕೂತಲ್ಲಿಂದಲೇ ‘ಯಾರ್ ಬಂದ್ರು?’ ಎನ್ನುತ್ತಾರೆ. ಚಿಲಕದ ಸದ್ದು ಬಟನ್ ಒತ್ತಿದ ಹಾಗೆ, ಅಮ್ಮನ ಪ್ರಶ್ನೆ ಕೋಡ್ ಓಡಿದ ಹಾಗೆ. ಸಂಗಮೇಶ ಎಂದು ಒಬ್ಬ ತರಲೆ ಹುಡುಗ ಇದ್ದಾನೆ, ಎದ್ದು ನಿಂತು, ‘ಸರ್, ಹಂಗಾದ್ರೆ ನಿಮ್ಮಮ್ಮನೇ ಒರಿಜಿನಲ್ ಲಿಸನರ್’ ಅಂದ. ಮನೆಗೆ ಬಂದು ಹೇಳಿದೆ. ಅಮ್ಮನಿಗೆ ಏನು ಅರ್ಥವಾಯಿತೋ, ಕಾಲೇಜಿನಲ್ಲಿ ತಮ್ಮ ಹೆಸರು ಬಂತಲ್ಲ ಎಂದು ಅಂದೆಲ್ಲಾ ಹಿಗ್ಗಿದರು.

ಇನ್ನು ಮದುವೆ ಪುಟ. ದಸರೆಯಲ್ಲಿ ಮದುವೆ ಗಂಡು ಗಿರಿಯ ಮನೆಯವರು ಬಂದು ದಿನ ಗಟ್ಟಿ ಮಾಡಿಕೊಂಡು ಹೋದರು. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದ ಹುಡುಗ, ಹಸು ಎಮ್ಮೆಗಳ ಡಾಕ್ಟರು, ಮಾತು ಕಡಿಮೆ. ನಮ್ಮ ಶಿಲ್ಪಳಿಗೆ ಮಾತು ಹೆಚ್ಚು, ಸರಿಹೋಗುತ್ತದೆ. ಅದೇ ವಾರ ಕ್ಲಾಸಿನಲ್ಲಿ ಪ್ರಾಜೆಕ್ಟ್ ಕೊಡಬೇಕಾಗಿತ್ತು. ಪುಸ್ತಕದ ಉದಾಹರಣೆಗಳು ಮಕ್ಕಳಿಗೆ ಬೇಡ. ‘ಸರ್, ನಿಜವಾದ ಜನ ಒತ್ಬೇಕು, ಅದ್ರಲ್ಲೇ ಮಜಾ’ ಅಂದರು. ಮದುವೆಯ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಇಡೀ ಕ್ಲಾಸು ಸೇರಿ ಶಿಲ್ಪಳ ಮದುವೆಗೊಂದು ಪುಟ ಮಾಡುವುದೆಂದು ತೀರ್ಮಾನವಾಯಿತು. ಹೆಸರು ಬರೆಯಲು ಒಂದು ಜಾಗ, ಎಷ್ಟು ಜನ ಎಂದು ಒಂದು ಜಾಗ, ಕೆಳಗೆ ಎರಡು ಬಟನ್. ಒಂದರ ಮೇಲೆ ‘ಬರ್ತೀವಿ’, ಇನ್ನೊಂದರ ಮೇಲೆ ‘ಬರಲ್ಲ’. ‘ಬರ್ತೀವಿ’ ಒತ್ತಿದರೆ ಪರದೆಯ ತುಂಬ ಅಕ್ಷತೆ ಉದುರುತ್ತದೆ. ರಕ್ಷಾ ಎನ್ನುವ ಹುಡುಗಿ ಹಟ ಹಿಡಿದು ಒಂದೊಂದು ಕಾಳೂ ಬೇರೆ ಬೇರೆ ವೇಗದಲ್ಲಿ ಬೀಳುವ ಹಾಗೆ ಮಾಡಿದ್ದಾಳೆ, ನೋಡಲು ಬಲು ಚೆಂದ. ‘ಬರಲ್ಲ’ ಒತ್ತಿದರೆ, ‘ಪರವಾಗಿಲ್ಲ, ತಿಳಿಸಿದ್ದಕ್ಕೆ ಧನ್ಯವಾದಗಳು’ ಎಂದು ಬರುತ್ತದೆ. ಆ ವಾಕ್ಯ ಬರೆದುಕೊಟ್ಟವನು ನಾನೇ. ಬಹಳ ಮರ್ಯಾದೆಯ ವಾಕ್ಯವೆಂದು ನನಗೆ ನಾನೇ ಬೀಗಿದ್ದೆ.

ಶಾಂತಲಾ ನೋಡಿದ ಕೂಡಲೇ, ‘ಅಲ್ಲಾ ಕಣ್ರೀ, ಶುಭಕಾರ್ಯಕ್ಕೆ ಕರೆಯುವಾಗ ಬರಲ್ಲ ಅನ್ನೋ ಮಾತನ್ನ ನಾವೇ ಬರೆದು ಕೈಗೆ ಕೊಡ್ತೀವಾ? ತೆಗೀರಿ ಅದನ್ನ’ ಅಂದಳು. ಎರಡು ಬಟನ್ ಇಲ್ಲದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ ಎಂದು ನಾನು ಮೇಷ್ಟ್ರಗಿರಿ ಮಾಡಿದೆ. ಅಮ್ಮ ಕನ್ನಡಕ ಹಾಕಿಕೊಂಡು, ತಮ್ಮ ಮೊಮ್ಮಗಳ ಮದುವೆಗೆ ತಾವೇ, ‘ಇಂಗೆ ಒತ್ತುದ್ರೆ ಸಾಕೇನ್ಲಾ?’ ಎಂದು ಕೇಳಿ ‘ಬರ್ತೀವಿ’ ಒತ್ತಿದರು. ಅಕ್ಷತೆ ಬಿದ್ದಿದ್ದು ನೋಡಿ ಫೋನಿಗೇ ಕೈ ಮುಗಿದರು.

ಈ ಪುಟ ಕ್ಲಾಸಿನೊಳಗೆ ಮತ್ತು ಮನೆಯೊಳಗೆ ಇರಬೇಕಾಗಿತ್ತು. ಪತ್ರಿಕೆ ಪ್ರೆಸ್ಸಿನಿಂದ ಬಂದ ಮೇಲೆ ಮೊದಲನೆಯದು ಮನೆದೇವರಿಗೆ, ಎರಡನೆಯದು ನಿನಗೆ, ಆಮೇಲೆ ಮಿಕ್ಕವರಿಗೆ. ಅದು ತಲೆತಲಾಂತರದಿಂದ ಬಂದದ್ದು, ನಾನು ಮೀರುವವನಲ್ಲ. ಆದರೆ ಸಂಗಮೇಶ, ‘ಸರ್, ಹಳೇ ಫೋನಲ್ಲಿ ಬಟನ್ ಸರಿಯಾಗಿ ಕಾಣ್ಸುತ್ತಾ ನೋಡ್ಬೇಕು’ ಅಂದ. ಹಳೆಯ ಫೋನ್ ಯಾರ ಹತ್ತಿರ ಇದೆ ಎಂದು ಯೋಚಿಸಿದೆ. ಬಾಗಲೂರಿನ ಬ್ಯಾಟರಾಯಪ್ಪ ಮಾವನ ನೆನಪು ಬಂತು. ಮಂಚ ಹಿಡಿದ ಮನುಷ್ಯ, ಹೇಗೂ ಯಾರನ್ನೂ ನೋಡುವುದಿಲ್ಲ, ಅವರಿಗೊಬ್ಬರಿಗೆ ಕಳಿಸಿದರೆ ಏನಾಗುತ್ತದೆ ಅಂದುಕೊಂಡು ಪುಟದ ಲಿಂಕ್ ಕಳಿಸಿಬಿಟ್ಟೆ.

ಮಾವನ ಸ್ವಭಾವ ಮರೆತೇಬಿಟ್ಟಿದ್ದೆ ನೋಡು. ನಾವು ಚಿಕ್ಕವರಿದ್ದಾಗ ನಮ್ಮ ಕುಲದಲ್ಲಿ ಯಾರ ಮನೆಯ ಮದುವೆಯಾದರೂ ಮನೆ ಮನೆಗೆ ಹೋಗಿ ಕರೆಯುತ್ತಿದ್ದವರು ಅವರೇ ತಾನೆ? ಹೆಗಲ ಮೇಲೆ ಟವೆಲು, ಕೈಯಲ್ಲಿ ಎಲೆ ಅಡಿಕೆ, ಜಾಲ ಹೋಬಳಿಯಿಂದ ದೇವನಹಳ್ಳಿಯವರೆಗೆ ಸೈಕಲ್. ಈಗ ಆ ಹೊಲಗಳೆಲ್ಲ ಲೇಔಟ್ ಆಗಿವೆ, ಮಾವ ತಮ್ಮದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಮಲಗಿ, ಕಿಟಕಿಯಲ್ಲಿ ಇಳಿಯುವ ವಿಮಾನ ನೋಡುತ್ತಾ ಇರುತ್ತಾರೆ. ಅಂಥವರ ಕೈಗೆ ನಮ್ಮ ಮನೆಯ ಮದುವೆ ಕರೆ ಮೊದಲು ಬಂತು ಎಂದರೆ ಅವರು ಏನು ತಿಳಿದುಕೊಂಡಾರು? ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೊದಲಿಂದ ಕೊನೆಯವರೆಗೆ ಹಿಡಿದು, ಒಬ್ಬರನ್ನೂ ಬಿಡದೆ ಕಳಿಸಿದ್ದಾರೆ. ಗ್ಯಾಸ್ ಏಜೆನ್ಸಿಯವನಿಗೂ ಹೋಗಿದೆ. ನಿನಗೂ ಬಂತು.

ಓಡಿಹೋಗಿ ಅವರ ಮುಂದೆ ನಿಂತೆ. ಬೈಯಬೇಕೆಂದೇ ಹೋಗಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, ‘ಎಲ್ಲಾರ್ಗೂ ಏಳಿದ್ದೀನಿ ಕಣಪ್ಪ ಬಾಲ. ಒಂದು ಮನೇನೂ ಬುಟ್ಟಿಲ್ಲ. ಕಾಲು ಓದ್ ಮ್ಯಾಕೆ ನನ್ನ ಎಲ್ಲಾರೂ ಮರ್ತೇಬುಟ್ರು ಅಂದ್ಕಂಡಿದ್ದೆ. ನೀನು ಮರೀನಿಲ್ಲ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಬೈಯಲು ಬಾಯಿ ಬರುತ್ತಾ ಹೇಳು. ಕಾಫಿ ಕುಡಿದು ಬಂದೆ.

ಆಮೇಲೆ ಶುರುವಾಯಿತು ನೋಡು ತಮಾಷೆ. ಲ್ಯಾಬಿನ ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಎಲ್ಲರೂ ‘ಬರ್ತೀವಿ’. ಅದೇ ಮುಹೂರ್ತಕ್ಕೆ ತನ್ನ ಮಗನ ಮದುವೆ ಇಟ್ಟುಕೊಂಡಿರುವ ಜಕ್ಕೂರಿನ ಯೋಗಾನಂದ, ‘ಬರ್ತೀವಿ, ಆರು ಜನ’ ಅಂದಿದ್ದಾನೆ. ಹಾಸಿಗೆ ಬಿಟ್ಟು ಏಳಲಾರದ ಬ್ಯಾಟರಾಯಪ್ಪ ಮಾವ ‘ಬರ್ತೀವಿ’. ಗ್ಯಾಸ್ ಏಜೆನ್ಸಿಯವನು ಕೂಡ ಇಬ್ಬರು. ಅಡುಗೆಯ ಲಕ್ಕಣ್ಣನಿಗೆ ಲೆಕ್ಕ ತೋರಿಸಿದೆ. ‘ಸಾರ್, ಇದ್ನ ನಂಬ್ಕೊಂಡು ಅನ್ನ ಇಟ್ರೆ ಮಿಕ್ಕಿದ್ದನ್ನ ಹೆಬ್ಬಾಳದ ಕೆರೆಗೆ ಸುರೀಬೇಕಾಗುತ್ತೆ. ಕರೆದಾಗ ಬರಲ್ಲ ಅಂತ ಯಾರಾದ್ರೂ ಅಂತಾರಾ? ನಮ್ಮ ಕಡೆ ಲೆಕ್ಕ ಬಾಯಲ್ಲಿ ಕೇಳಲ್ಲ ಸಾರ್, ಮುಖ ನೋಡಿ ಹಾಕ್ತೀವಿ’ ಎಂದು ನಕ್ಕ. ಅವನ ಅಂದಾಜಿಗೇ ಬಿಟ್ಟಿದ್ದೇನೆ.

ಮಕ್ಕಳಿಗೆ ಮಾತ್ರ ಬೇಜಾರು. ಎರಡನೆಯ ಬಟನ್ ಬರೆದದ್ದು ಬರೆದ ಹಾಗೇ ಕೂತಿತ್ತು, ಹೊರಗಿನವರು ಒಬ್ಬರೂ ಮುಟ್ಟಿರಲಿಲ್ಲ. ‘ಸರ್, ಅದು ಕೆಲ್ಸ ಮಾಡುತ್ತೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ’ ಎಂದು ದಿನಾ ಗೊಣಗುತ್ತಿದ್ದರು. ಕಳೆದ ಸೋಮವಾರ ಅದನ್ನು ಒತ್ತಿದವಳು ನೀನು. ನಮ್ಮ ಇಡೀ ಬಳಗದಲ್ಲಿ ನೀನೊಬ್ಬಳೇ. ಅದು ನನಗೆ ಹೇಗೆ ತಿಳಿಯಿತು ಎನ್ನುವುದು ಸದ್ಯಕ್ಕೆ ಇರಲಿ.

ಅಂದು ಸಂಜೆ ಅಮ್ಮನಿಗೆ ಹೇಳಲೇಬೇಕಾಯಿತು. ‘ಬರಾಕಿಲ್ಲ ಅಂದ್ಲಾ? ಅದುಕ್ಕೆ ನಿನ್ ಮಿಸೀನು ಏನಂತು?’ ಎಂದು ಕೇಳಿದರು. ‘ಪರವಾಗಿಲ್ಲ ಅಂತು’ ಅಂದೆ. ‘ಪರವಾಗಿಲ್ಲ ಅಂದ್ಬುಡ್ತಾ?’ ಅಮ್ಮನಿಗೆ ತಡೆಯಲಾಗದಷ್ಟು ಸಿಟ್ಟು ಬಂತು. ‘ಹೆಣ್ಮಗಳು ತವರಿಗೆ ಬರಾಕಿಲ್ಲ ಅಂದ್ರೆ ಬಂದು ಕರೀರಿ ಅಂತ ಕಣ್ಲಾ. ಓಗಿ ಕಾಲು ಕಟ್ಕೋ ಅಂತ. ಪರವಾಗಿಲ್ಲ ಅನ್ನೋ ಮಾತ್ನ ಅದುಕ್ಕೆ ಯಾರ್ ಏಳ್ಕೊಟ್ಟೋರು?’ ಹೇಳಿಕೊಟ್ಟವನು ಎದುರಿಗೇ ಇದ್ದನಲ್ಲ.

ಆ ಮಾತು ನನಗೆ ಈಗಲೂ ಚುಚ್ಚುತ್ತದೆ, ವೇದಾ. ನಿನ್ನ ಬೆರಳು ಆ ಬಟನ್ ಒತ್ತಿದ ಮೇಲೆ ಒಂದು ಗಳಿಗೆ ನೀನು ಫೋನನ್ನೇ ನೋಡುತ್ತಾ ಇದ್ದಿರಬೇಕು. ‘ಯಾಕಮ್ಮ’ ಎಂದು ಯಾರಾದರೂ ಕೇಳಿಯಾರೆಂದು. ಆಗ ಆ ಪುಟ ನನ್ನ ಮಾತಿನಲ್ಲಿ ‘ಪರವಾಗಿಲ್ಲ’ ಎಂದಿತು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ.

ಮರುದಿನ ಕ್ಲಾಸಿನಲ್ಲಿ, ಯಾರಾದರೂ ಮದುವೆಗೆ ಬರಲ್ಲ ಎಂದರೆ ನಿಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ರಕ್ಷಾ, ‘ನಮ್ಮಜ್ಜಿ ಅವ್ರ ಎರಡೂ ಕೈ ಹಿಡ್ಕೊಂಡ್ಬಿಡ್ತಾರೆ ಸರ್. ಹೂಂ ಅನ್ನೋವರೆಗೂ ಬಿಡಲ್ಲ’ ಅಂದಳು. ಹಾಗಾದರೆ ನಮ್ಮ ಪುಟವೂ ಅದನ್ನೇ ಮಾಡಬೇಕು ಅಂದೆ. ಸಂಗಮೇಶ ತಲೆ ಕೆರೆದುಕೊಂಡು, ‘ಕೈ ಹಿಡ್ಕೊಳ್ಳೋಕೆ ಕೋಡ್ ಇಲ್ವಲ್ಲ ಸರ್’ ಅಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಸರಿ. ಆದರೂ ಆ ಹಳೆಯ ವಾಕ್ಯವನ್ನು ಅಳಿಸಿದೆವು. ಈಗ ಯಾರಾದರೂ ‘ಬರಲ್ಲ’ ಒತ್ತಿದರೆ, ‘ಇರಿ, ಮನೆಗೇ ಬಂದು ಕರೀತೀವಿ’ ಎಂದು ಬರುತ್ತದೆ. ಆ ಮಾತಿಗೆ ನಾನು ಬದ್ಧ. ಹೋಗಬೇಕಾಗಿರುವುದು ಒಂದೇ ಮನೆಗೆ, ಹಾಗಾಗಿ ಕಷ್ಟವೂ ಇಲ್ಲ.

ಪತ್ರಿಕೆ ಮೊನ್ನೆ ಬಂದಿದೆ. ಮನೆದೇವರ ಮುಂದೆ ಮೊದಲನೆಯದನ್ನು ಶುಕ್ರವಾರ ಇಟ್ಟೆವು. ಎರಡನೆಯದಕ್ಕೆ ಅರಿಶಿನ ಹಚ್ಚಿ ತಟ್ಟೆಯಲ್ಲೇ ಇಟ್ಟಿದ್ದೇನೆ, ಬೇರೆ ಯಾವುದನ್ನೂ ಯಾರಿಗೂ ಕೊಟ್ಟಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ನಾನು, ಶಾಂತಲಾ ಬರುತ್ತೇವೆ. ಅಮ್ಮನೂ ಹೊರಟು ನಿಂತಿದ್ದಾರೆ, ಮಂಡಿ ನೋವು ಎಂದರೆ ನನ್ನನ್ನೇ ಗದರುತ್ತಾರೆ. ನೀನು ನರ್ಸರಿಯಲ್ಲಿದ್ದರೆ ಸಸಿಗಳ ಮಧ್ಯೆಯೇ ಕುಂಕುಮ ಕೊಟ್ಟು ಕರೆಯುತ್ತೇವೆ. ಬೈಯುವುದಿದ್ದರೆ ಬೈದುಬಿಡು, ಆದರೆ ಊಟಕ್ಕೆ ಹಾಕಿ ಬೈಯಿ. ನಿನ್ನ ಕೈಯ ಅವರೆಕಾಳು ಸಾರು ಎಂದರೆ ಅಮ್ಮ ಈಗಲೇ ಬಾಯಿ ಚಪ್ಪರಿಸುತ್ತಿದ್ದಾರೆ. ಕಾಳು ಇನ್ನೂ ಬಂದಿಲ್ಲದಿದ್ದರೆ ಹುರುಳಿಯಾದರೂ ಆದೀತು.

ಶಿಲ್ಪ ಒಂದು ಮಾತು ಬರೆಯಲು ಹೇಳಿದ್ದಾಳೆ. ‘ಅತ್ತೆ ಬಂದು ಅರಿಶಿನ ಮುಟ್ಟಿಸೋವರ್ಗೂ ನಾನು ಮಣೆ ಮೇಲಿಂದ ಏಳಲ್ಲ, ಗಿರಿ ಕಾಯ್ಲಿ’ ಅಂತೆ. ಹಟ ಯಾರ ಕಡೆಯಿಂದ ಬಂದಿದೆ ಎಂದು ನಾನು ಹೇಳಬೇಕಾಗಿಲ್ಲ.

ಭಾವನವರಿಗೆ ನಮಸ್ಕಾರ, ಸೊಸೆಗೆ ಆಶೀರ್ವಾದ. ಸುಳ್ಳು ಹೇಳಿಸಿ ಹೇಳಿಸಿ ಆ ಹುಡುಗಿಯನ್ನು ಸುಸ್ತು ಮಾಡಬೇಡ. ನಿನ್ನ ಸಸಿಗಳು ಹಸಿರಾಗಿರಲಿ, ನೀನು ನೂರು ಕಾಲ ಮುತ್ತೈದೆಯಾಗಿ, ಹೀಗೇ ಕೋಪಿಷ್ಠೆಯಾಗಿ ಬಾಳು.

ಇಂತಿ ನಿನ್ನ ಅಣ್ಣ,
ಬಾಲರಾಜು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸೋಮವಾರ ನೀನು ‘ಬರಲ್ಲ’ ಒತ್ತಿದಾಗ ನಾನು ಲ್ಯಾಬಿನಲ್ಲೇ ಇದ್ದೆ, ಕ್ಲಾಸು ನಡೆಯುತ್ತಿತ್ತು. ದೊಡ್ಡ ಪರದೆಯ ಮೇಲೆ ಎರಡನೆಯ ಬಟನ್ನಿನ ಸೊನ್ನೆ ಒಂದಾಯಿತು. ‘ಸರ್, ವರ್ಕ್ ಆಯ್ತು! ಯಾರೋ ಒತ್ತಿದ್ರು!’ ಎಂದು ಸಂಗಮೇಶ ಕೂಗಿದ. ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಷ್ಟೋ ದಿನದಿಂದ ಕಾಯುತ್ತಿದ್ದೆವಲ್ಲ. ತಟ್ಟುತ್ತಲೇ ತಲೆಯೆತ್ತಿ ಹೆಸರು ಓದಿದೆ. ‘ವೇದಾ, ಚಿಂತಾಮಣಿ’. ಕೈ ಹಾಗೇ ನಿಂತಿತು. ರಕ್ಷಾ, ‘ಯಾರ್ ಸರ್ ಇವ್ರು?’ ಎಂದು ಕೇಳಿದಳು. ಅಷ್ಟು ಖುಷಿಯಲ್ಲಿದ್ದ ಮಕ್ಕಳ ಮುಂದೆ ನನಗೆ ಹೇಳಲಾಗಲಿಲ್ಲ. ‘ಗೊತ್ತಿರೋರು’ ಅಂದುಬಿಟ್ಟೆ. ಆ ಮಕ್ಕಳೆಲ್ಲ ಮದುವೆಗೆ ಬರುತ್ತಿದ್ದಾರೆ. ಅವತ್ತು ನೀನು ನನ್ನ ಪಕ್ಕದಲ್ಲಿರಬೇಕು ವೇದಾ. ರಕ್ಷಾಳನ್ನು ಕರೆದು, ‘ಇವಳು ನನ್ನ ತಂಗಿ’ ಎಂದು ಹೇಳಬೇಕು.